ಶಿಕುಶಿಕು

ಅಲ್ಲಿ ಒಂಬತ್ತು ಹೊಡೆದಾಗ ಇಲ್ಲಿ ಐದೂವರೆ.
ಕೋಥ್ರೂಡ್ ಡಿಪೋದ ಮೊದಲ ಬಸ್ಸು ಇನ್ನೂ ಕೆಮ್ಮುತ್ತಿರುವಾಗಲೇ
ನನ್ನ ಪರದೆಯ ಮೇಲೆ ಬಂದು ಕೂತಿರುತ್ತಾರೆ
ಹೆಸರಿಲ್ಲದ ಜಪಾನಿನ ರೋಗಿಗಳು,
ಒಬ್ಬೊಬ್ಬರಿಗೂ ಮೂರಂಕಿ, ಒಂದು ವಯಸ್ಸು, ಒಂದು ತೂಕ.

ಕೀಲಿನ ಕಾಯಿಲೆ. ಮನೆ ಕಾಯಬೇಕಾದ ನಾಯಿ
ಮನೆಯವರ ಬೆರಳನ್ನೇ ಕಡಿಯುವ ಕಾಯಿಲೆ.
ಹೊಸ ಚುಚ್ಚುಮದ್ದು ಅದರ ಬಾಯಿಗೆ ಕುಕ್ಕೆ ಕಟ್ಟುತ್ತದಂತೆ.
ಕಟ್ಟಿತೋ ಇಲ್ಲವೋ,
ಕಟ್ಟಿದ ಮೇಲೆ ಹಿತ್ತಿಲಿಂದ ಕಳ್ಳ ನುಗ್ಗಿದನೋ,
ಐವತ್ತೆರಡು ವಾರ ಕೂತು ಎಣಿಸುತ್ತಾರೆ.
ನಾನು ಡಾಕ್ಟರಲ್ಲ. ತಿಲಕ್ ರಸ್ತೆಯ ಸಂಜೆ ಕ್ಲಾಸಿನಲ್ಲಿ
ಪರಾಂಜಪೆ ಬಾಯಿಯವರ ಕೆಂಪು ಪೆನ್ನಿಗೆ ಹೆದರಿ ಜಪಾನಿ ಕಲಿತವಳು,
ಅವರ ನೋವನ್ನು ಇಂಗ್ಲಿಷಿನ ಡಬ್ಬಿಗಳಿಗೆ ತುಂಬುವವಳು.

ಮೊದಲ ವಾರ ಯಾರೋ ಕಿರಿಕಿರಿ ಎಂದಿದ್ದರು.
ನಕ್ಕುಬಿಟ್ಟೆ. ಅಕ್ಕಲಕೋಟೆಯ ನಮ್ಮ ಓಣಿಯಲ್ಲಿ
ಕಿರಿಕಿರಿ ಅಂದರೆ ಚೀಟಿಯ ಕಂತು, ಪಕ್ಕದ ಮನೆಯ ಮಿಕ್ಸರು.
ಅಲ್ಲಿ ಅದು ಹೊಟ್ಟೆಯೊಳಗೆ ಬೈರಿಗೆ ತಿರುವಿದ ಹಾಗೆ.
ಜುಕಿಜುಕಿ ಅಂದರೆ ಕೀಲಿನಲ್ಲಿ ನಾಡಿ ಬಡಿಯುವುದು,
ಚಿಗವ್ವ ಅದಕ್ಕೆ ಧಿಮಿಧಿಮಿ ಅನ್ನುತ್ತಾಳೆ.
ಚಿಕುಚಿಕು ನಮ್ಮ ಚುಳುಚುಳು.
ಹಿರಿಹಿರಿ ನಮ್ಮ ಚುರುಚುರು.
ಎರಡು ಭಾಷೆ ನನ್ನ ನಾಲಿಗೆಯ ಮೇಲೆ
ಗೆಳತಿಯರ ಹಾಗೆ ಕೈ ಹಿಡಿದು ನಡೆಯುತ್ತವೆ,
ನಡುವೆ ನಿಂತ ಇಂಗ್ಲಿಷಿಗೆ ಇರುವುದೊಂದೇ ಮಾತು, ಪೇನ್.
ಕೆಳಗೆ ಮೂರು ಚೌಕ: ಅಲ್ಪ, ಮಧ್ಯಮ, ತೀವ್ರ.

ಇನ್ನೂರ ಹದಿನಾಲ್ಕು. ಹೆಂಗಸು. ಅರವತ್ತೊಂಬತ್ತು. ನಲವತ್ತೊಂದು ಕಿಲೋ.
ಹದಿನಾರನೆಯ ವಾರ: ಬೆರಳ ಬಾವು ಇಳಿದಿದೆ.
ಇಪ್ಪತ್ತನೆಯ ವಾರ: ಶೀಶೆಯ ಮುಚ್ಚಳ ತಾವೇ ತೆರೆದರಂತೆ.
ಇದನ್ನು ಯಾವ ನರ್ಸು ಬರೆದಳೋ,
ಫಾರ್ಮಿನಲ್ಲಿ ಮುಚ್ಚಳಕ್ಕೆ ಜಾಗವಿಲ್ಲ.
ಇಪ್ಪತ್ನಾಲ್ಕನೆಯ ವಾರ: ರಾತ್ರಿ, ಶಿಕುಶಿಕು.

ಅಷ್ಟೇ. ಎಲ್ಲಿ ಎಂದಿಲ್ಲ, ಯಾಕೆ ಎಂದಿಲ್ಲ.
ಹೊಟ್ಟೆ ಮೆಲ್ಲಗೆ, ಬಿಡದೆ ನೋಯುವುದಕ್ಕೂ ಅದೇ ಮಾತು,
ಪಕ್ಕದ ಹಾಸಿಗೆಗೆ ಕೇಳದಂತೆ ಅಳುವುದಕ್ಕೂ ಅದೇ.
ಹೊಟ್ಟೆಗೊಂದು ಕೋಡ್, ಅಳುವಿಗೊಂದು.
ಎರಡನ್ನೂ ಒಟ್ಟಿಗೆ ಒತ್ತಿದರೆ ಪರದೆ ಕೆಂಪಾಗುತ್ತದೆ.
ದಯವಿಟ್ಟು ಸ್ಪಷ್ಟಪಡಿಸಿ ಎಂದು ಬರೆದು ಕಳಿಸಿದೆ,
ಅತಿ ವಿನಯದ ಕ್ರಿಯಾಪದ ಹುಡುಕಿ.

ಭಾನುವಾರ ಪರ್ವತಿಯ ವಾಡೆಯಲ್ಲಿ
ಚಿಗವ್ವ ಮೆಂತ್ಯ ಬಿಡಿಸುತ್ತಿದ್ದಳು,
ದಪ್ಪಗಾದ ಗೆಣ್ಣುಗಳಲ್ಲಿ ಒಂದೊಂದೇ ಎಲೆ.
ಗೋಡೆಗೆ ಸಸೂನ್ ಆಸ್ಪತ್ರೆಯ ಚೀಟಿ, ವಾರಕ್ಕೊಂದು ಹಳದಿ ಗುಳಿಗೆ.
ಕೇಳಿದೆ, ಹೊಟ್ಟಿನೋವು, ಅಳು,
ಎರಡೂ ಕೂಡಿಸಿ ಒಂದ ಮಾತಿನ್ಯಾಗ ಹೆಂಗ ಹೇಳೂದು?
ತಲೆ ಎತ್ತಲಿಲ್ಲ.
"ಅದರಾಗೇನೈತಿ? ಕರಳ ಚುರ್ ಅಂತು ಅಂದ್ರ ಆತು."

ಹುಟ್ಟಿದಾಗಿನಿಂದ ಕೇಳಿದ ಮಾತು.
ಅದರೊಳಗೊಂದು ನಿಜವಾದ ಕರುಳಿದೆ ಎಂದು
ನನಗೇ ಮರೆತುಹೋಗಿತ್ತು.

"ಯಾರಕಿ?" ಅಂದಳು ಆಮೇಲೆ.
ಗೊತ್ತಿಲ್ಲ ಚಿಗವ್ವ, ಬರೀ ನಂಬರು.
"ನಂಬರಿಗೂ ಹೊಟ್ಟಿ ಐತಲ್ಲ ಮತ್ತ."

ಒಂಬತ್ತನೆಯ ದಿನ ಉತ್ತರ ಬಂತು:
ರೋಗಿಯನ್ನು ವಿಚಾರಿಸಲಾಯಿತು.
ಯಾವುದಕ್ಕೆ ಜಾಗವಿದೆಯೋ ಅದನ್ನೇ ಬರೆದುಕೊಳ್ಳಿ,
ತೊಂದರೆ ಕೊಟ್ಟೆ, ಕ್ಷಮಿಸಿ, ಎಂದರಂತೆ.
ಹೊಟ್ಟೆ ಒತ್ತಿದೆ. ಅಲ್ಪ ಒತ್ತಿದೆ.
ಕಿಟಕಿಯಾಚೆ ಅಷ್ಟೊತ್ತಿಗೆ ಹಾಲಿನ ಗಾಡಿ.

ವರ್ಷದ ಮೇಲೆ ಪ್ರಬಂಧ ಬಂತು. ನಾಲ್ಕನೆಯ ಕೋಷ್ಟಕದಲ್ಲಿ
ಉದರ ಬಾಧೆ, ಮೂವರು.
ಆ ಮೂವರಲ್ಲಿ ಒಬ್ಬರು ರಾತ್ರಿ ಎದ್ದು ಕೂತವರು.
ಚಿಕಿತ್ಸೆ ಫಲಕಾರಿ ಎಂದಿದೆ ಕೊನೆಯ ಸಾಲು,
ಸುಳ್ಳಲ್ಲ, ನಾನೇ ಓದಿದ್ದೆನಲ್ಲ ಆ ಮುಚ್ಚಳದ ಸಂಗತಿ.

ಊಟಕ್ಕೆ ಕೂತಾಗ ಚಿಗವ್ವ
ಉಪ್ಪಿನಕಾಯಿಯ ಶೀಶೆ ನನ್ನ ಕಡೆ ಸರಿಸುತ್ತಾಳೆ.
ತೆರೆದು ಕೊಡುತ್ತೇನೆ.
ಆ ಚುಚ್ಚುಮದ್ದಿನ ಬೆಲೆ ಅವಳು ಕೇಳಿಲ್ಲ.