ಎಂಟು ಸಾವಿರದ ಆಚೆ

ಕೋಡಿಬಾಗದ ನನ್ನ ಅಂಗಡಿಯೆದುರು
ಬೆಳಿಗ್ಗೆ ಬಂದು ನಿಂತದ್ದು ಒಂದು ಹಳೆ ಓಮ್ನಿ.
ಹಿಂದಿನ ಸೀಟು ಕಿತ್ತು ಐಸು ಪೆಟ್ಟಿಗೆ ಇಟ್ಟ ಗುರುತು,
ಎಷ್ಟು ತೊಳೆದರೂ ಹೋಗದ ಬಂಗಡೆ ವಾಸನೆ.
ಇಳಿದವನು ವಿಠೋಬ ಹರಿಕಂತ್ರ.
ಟ್ರಾಲರಿನ ಇಂಜಿನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ,
ಈಗ ನೆಲದ ಮೇಲೆ.
"ಒಳ್ಳೇದು ಹಾಕು," ಅಂದ,
ಬೀದಿಗೆಲ್ಲ ಕೇಳುವಷ್ಟು ಜೋರಾಗಿ.

ಒಳ್ಳೇದು ಎರಡು ಥರ ಅಂದೆ.
ಪ್ಯಾಸಿವ್ ಅಂದರೆ ಇಗೋ ಈ ಡಬ್ಬಿ:
ಒಂದು ತಾಮ್ರದ ಸುರುಳಿ, ಒಂದು ಕೆಪಾಸಿಟರ್,
ಸೋಪಿನ ಪೆಟ್ಟಿಗೆಯಷ್ಟು ಸಂಸಾರ.
ಆಂಪ್ಲಿಫೈಯರ್ ದಾಟಿ ಬಲಿತು ಬಂದ ಸದ್ದನ್ನು
ಬಾಗಿಲಲ್ಲಿ ತಡೆದು ಹೇಳುತ್ತದೆ,
ದಪ್ಪದವರು ಕೆಳಗೆ ವೂಫರಿಗೆ, ಸಣ್ಣವರು ಮೇಲೆ ಟ್ವೀಟರಿಗೆ.
ತಡೆದ ಶ್ರಮಕ್ಕೆ ತಾನು ತುಸು ಬಿಸಿಯಾಗುತ್ತದೆ,
ಆ ಬಿಸಿಯೂ ನಿನ್ನ ಬ್ಯಾಟರಿಯ ದುಡ್ಡೇ.
ಕಂಪನಿಯವ ಮೂರೂವರೆ ಸಾವಿರಕ್ಕೆ ಗೆರೆ ಎಳೆದಿದ್ದರೆ
ಅದೇ ಗೆರೆ, ಸಾಯುವ ತನಕ.

ಆ್ಯಕ್ಟಿವ್ ಬೇರೆ. ಸದ್ದು ಇನ್ನೂ ಎಳಸಾಗಿರುವಾಗಲೇ
ಪಾಲು ಮಾಡುವುದು.
ಒಂದೊಂದು ಸ್ಪೀಕರಿಗೂ ಅದರದ್ದೇ ಚಾನೆಲ್,
ಅದರದ್ದೇ ತಂತಿ, ಅದರದ್ದೇ ಕಿರಿಕಿರಿ.
ಗೆರೆ ಎಲ್ಲಿ ಬೇಕೋ ಅಲ್ಲಿ. ತಪ್ಪಿ ಕೆಳಗೆಳೆದೆಯೋ,
ಒಂದು ಹಾಡು ಮುಗಿಯುವುದರೊಳಗೆ ಟ್ವೀಟರು ಹೊಗೆ.

ಅವನು ಗಡ್ಡ ಕೆರೆದ.
"ಅಂದ್ರೆ, ಬೋಟಿನ ಮೇಲೇ ಆರಿಸಿ
ಬೇರೆ ಬೇರೆ ಐಸಿಗೆ ಹಾಕೋದು ಒಂದು,
ಎಲ್ಲಾ ಒಟ್ಟಿಗೆ ತುಂಬ್ಕಂಡು ಬಂದು
ಧಕ್ಕೆಯಲ್ಲಿ ಆರಿಸೋದು ಒಂದು.
ಎರಡನೇದರಲ್ಲಿ ತಳದ ತಾರ್ಲೆ ಜಜ್ಜಿ ಹೋಗ್ತದೆ."
ಹತ್ತೊಂಬತ್ತು ವರ್ಷ ಗಿರಾಕಿಗಳಿಗೆ ವಿವರಿಸಿ ಬಾಯೊಣಗಿದ ನನಗೆ
ಇಷ್ಟು ಹೊಳೆದಿರಲಿಲ್ಲ.

ರೇಟು ಹೇಳುವ ಮೊದಲು ಕಿವಿ ನೋಡೋಣ ಅಂತ
ಫೋನಿನಿಂದ ಒಂದೊಂದೇ ಸ್ವರ ಬಿಟ್ಟೆ. ಕೇಳಿದರೆ ಕೈ ಎತ್ತು.
ಇನ್ನೂರು, ಎತ್ತಿದ. ಸಾವಿರ, ಎತ್ತಿದ.
ನಾಲ್ಕು ಸಾವಿರಕ್ಕೆ ತುಸು ತಡ.
ಆರಕ್ಕೂ ಎತ್ತಿದ, ಎಂಟಕ್ಕೂ, ಹತ್ತಕ್ಕೂ.
ಆಮೇಲೆ ಕಂಡಿತು: ಅವನ ಕಣ್ಣು
ಬಾಗಿಲಲ್ಲಿ ನಿಂತ ಹೆಂಡತಿ ಚಂದ್ರಭಾಗಿಯ ಹುಬ್ಬಿನ ಮೇಲಿತ್ತು.
ಅವಳ ಹುಬ್ಬು ಗಂಟಾದಾಗ ಇವನ ಕೈ ಮೇಲೆ.

ಗೋಡೆ ಕಡೆ ತಿರುಗಿಸಿ ಕೂರಿಸಿದೆ.
ಆರು ಸಾವಿರ. ಕೈ ತೊಡೆಯ ಮೇಲೇ.
ಎಂಟು. ಅವನ ಬೆನ್ನು ಕಾಯುತ್ತಲೇ ಇತ್ತು.
"ಶುರು ಮಾಡು ಮಾರಾಯಾ," ಅಂದ.

ಹೆದ್ದಾರಿಯಲ್ಲಿ ಗೋವಾ ಬಸ್ಸು ಹೋಯಿತು,
ಅದು ಅವನಿಗೂ ಕೇಳಿರಬೇಕು.
ತಿರುಗಿದವನು ನಮ್ಮಿಬ್ಬರ ಮುಖ ನೋಡಿ ಲೆಕ್ಕ ಹಾಕಿದ:
"ಕೇಳದ್ದಕ್ಕೆ ಎಷ್ಟು ರೇಟು?
ಡಬ್ಬಿಯದ್ದೇ ಹಾಕು, ಸಾಕು."

ನಾನೂ ಹೂಂ ಅನ್ನುವವನಿದ್ದೆ.
ಉಪ್ಪುಗಾಳಿಗೆ ಆರು ತಿಂಗಳಲ್ಲಿ ತಾಮ್ರ ಹಸಿರಾಗುವ ಊರು,
ಕನೆಕ್ಷನ್ ಕಮ್ಮಿ ಇದ್ದಷ್ಟೂ ಒಳ್ಳೇದು, ಅದೂ ನಿಜ.
ಚಂದ್ರಭಾಗಿ ಕೇಳಿದಳು,
"ಅವರ ಕಡೆ ಚೂರು ಜೋರು, ನನ್ನ ಕಡೆ ಮೆತ್ತಗೆ,
ಆ ಡಬ್ಬಿಯಲ್ಲಿ ಆಗ್ತದಾ?"
ಬೇಕಾದಷ್ಟು ಆಗೋದಿಲ್ಲ.
"ಇನ್ನೊಂದರಲ್ಲಿ?"
ಆಗ್ತದೆ. ನಾಲ್ಕೂ ಬೇರೆ ಬೇರೆ ಕೈಗೆ ಸಿಗ್ತವೆ.
ಆದರೆ ಹೋದ ಕಿವಿಗೆ ಎಷ್ಟು ಏರಿಸಿದರೂ...
"ಗೊತ್ತುಂಟು," ಅಂದಳು,
ಒಣ ಸಿಗಡಿ ವಾಸನೆಯ ಪರ್ಸಿನಿಂದ ನೋಟು ಎಣಿಸುತ್ತ,
ನನ್ನ ಕಡೆ ನೋಡದೆ.

ಮೂರು ದಿನ ಹಿಡಿಯಿತು.
ಬಲಗಡೆ ಟ್ವೀಟರು ಅವನ ಕಿವಿಗೆ ನೇರ, ಆರು ಡೆಸಿಬೆಲ್ ಮೇಲೆ;
ಎಡಗಡೆಯದು ನಾಲ್ಕು ಕೆಳಗೆ.
ಕಾಳಿ ಸೇತುವೆ ತನಕ ಹೋಗಿ ಬಂದರು.
"ಭಜನೆಯ ತಾಳ ಕೇಳ್ತದೆ," ಅಂದ.
ಅವಳ ಹುಬ್ಬು ನೋಡಿ ಹೇಳಿದನೋ, ಕೇಳಿಯೇ ಹೇಳಿದನೋ,
ನಾನು ವಿಚಾರಿಸಲಿಲ್ಲ.

ರಾತ್ರಿ ಶಟರು ಅರ್ಧ ಎಳೆದು ನನ್ನದೂ ನೋಡಿಕೊಂಡೆ.
ಹತ್ತು, ಇದೆ. ಹನ್ನೊಂದು, ಇದ್ದ ಹಾಗೆ.
ಹನ್ನೆರಡಕ್ಕೆ ಅಂಗಡಿ ಖಾಲಿ.
ಫೋನು ಕೆಟ್ಟಿತೇನೋ ಅಂತ ಏರಿಸುತ್ತ ಹೋದೆ,
ಹದಿನಾಲ್ಕು, ಹದಿನಾರು.
ಹೊರಗೆ ಖಾಲಿ ಮೀನುಪೆಟ್ಟಿಗೆಯ ಬದಿ ಮಲಗಿದ್ದ ನಾಯಿ
ತಲೆ ಎತ್ತಿತು.