ಮೂರು ನೂಲು

ಕಾಮಾಕ್ಷಿಪಾಳ್ಯದ ಒಂದು ಅಡ್ಡರಸ್ತೆಯಲ್ಲಿ
ಮಗ್ಗದ ಶೆಡ್ಡಿಗೂ ಪಾಲಿಶ್ ಅಂಗಡಿಗೂ ನಡುವೆ
ನಾಲ್ಕು ಸ್ಟ್ಯಾಂಡಿನ ಮೇಲೆ ನಿಂತಿದೆ ಜೀಪು,
ಪಂಚೆ ಎತ್ತಿಕಟ್ಟಿ
ಹಳ್ಳ ದಾಟುವುದೋ ಬೇಡವೋ ಎಂದು ನಿಂತವನ ಹಾಗೆ.

ಎಪ್ಪತ್ತೆಂಟರ ಮಾಡೆಲ್ಲು.
ಆರ್‌ಸಿ ಪುಸ್ತಕದಲ್ಲಿ ನನ್ನದು ಐದನೆಯ ಹೆಸರು.
ಮೊದಲನೆಯದು ವಿದ್ಯುತ್ ಮಂಡಳಿ,
ಆಮೇಲೊಂದು ಕಲ್ಲು ಕ್ವಾರಿ,
ಮೂರನೆಯದನ್ನು ಇಲಿ ತಿಂದಿದೆ.

ಕೊಯಮತ್ತೂರಿಂದ ಬಂದ ಪೆಟ್ಟಿಗೆಯಲ್ಲಿ
ಹೊಸ ಬ್ರಾಕೆಟ್ಟುಗಳು:
ಆರು ಮಿಲಿಮೀಟರ್ ತಗಡು, ಲೇಸರಿನಲ್ಲಿ ಕೊಯ್ದದ್ದು.
ಎಡ ಬಲ ಪಕ್ಕಪಕ್ಕ ಇಟ್ಟರೆ
ಒಂದು ಇನ್ನೊಂದನ್ನು ಕನ್ನಡಿಯಲ್ಲಿ ನೋಡಿಕೊಂಡಂತೆ.
ಜೊತೆಗೊಂದು ಹಾಳೆ:
'ಚಾಸಿ ಸಮವಾಗಿರತಕ್ಕದ್ದು.'
ದಸ್ತಗೀರ್ ಓದಿಸಿ ಕೇಳಿ ಬೀಡಿ ಆರಿಸಿದ.
'ಸಮಾನಾ?
ಈ ರೋಡಲ್ಲಿ ಯಾವ್ದು ಸಮ ಐತೆ ತೋರ್ಸಿ ಸಾರ್.'

ಮೂವತ್ತೊಂದು ವರ್ಷ ಡಿಪೋದಲ್ಲಿ
ಬಸ್ಸುಗಳ ಹೊಟ್ಟೆಯಡಿ ಮಲಗಿದವನು ನಾನು.
ಆದರೂ ನನ್ನ ಕೈಗೆ ಹೋಲ್ಡರ್ ಕೊಡುವುದಿಲ್ಲ ಅವನು.
ತೂಗುಗುಂಡು ಕೊಟ್ಟ, ಸೀಮೆಸುಣ್ಣ ಕೊಟ್ಟ,
'ಗೆರೆ ಹಾಕಿ ಕೂತ್ಕೊಳ್ಳಿ' ಅಂದ.

ದಾರ ಇಳಿಬಿಟ್ಟೆ. ಗುಂಡು ತೂಗಿತು, ನಿಧಾನಿಸಿತು,
ಮಗ್ಗದ ಅದುರಿಗೆ ಇನ್ನಷ್ಟು ನಡುಗಿ
ಕಡೆಗೆ ಸಿಮೆಂಟಿನ ಮೇಲೊಂದು ಚುಕ್ಕಿ ಒಪ್ಪಿತು.
ಹಿಂದೆರಡು ಮುಂದೆರಡು ಚುಕ್ಕಿ,
ಮೂಲೆಯಿಂದ ಮೂಲೆಗೆ ಟೇಪು.
ಒಂದು ಕರ್ಣ ಉದ್ದ, ಒಂದು ಗಿಡ್ಡ.
ಮತ್ತೆ ಅಳೆದೆ. ಹುಲಿಗೆಪ್ಪ ಟೇಪು ಹಿಡಿದ, ನಾನು ಓದಿದೆ.
ನಾನು ಹಿಡಿದೆ, ಅವನು ಓದಿದ.
ಎಡದ ಕಂಬಿ ಹಿಂದಕ್ಕೆ ಸರಿದಿತ್ತು
ಯಾವ ಕಾಲದ ಯಾವ ಗುಂಡಿಗೆ ಬಿದ್ದೋ.

ಹಳೆಯ ಬ್ರಾಕೆಟ್ಟು ಕತ್ತರಿಸಿ ಗ್ರೈಂಡರ್ ಹಿಡಿದಾಗ
ಮೊದಲು ನನ್ನ ಹಸಿರು ಹಾರಿತು,
ಅದರಡಿ ಕ್ವಾರಿಯ ಬೂದಿ, ಅದರಡಿ ಮಂಡಳಿಯ ಹಳದಿ.
ಕೆಂಪು ಆಕ್ಸೈಡಿನ ತಳದಲ್ಲಿ
ಹುಲಿಗೆಪ್ಪ ತಡೆದ:
'ಅಣ್ಣಾರ, ಇಲ್ಲೇನೋ ಬರದಾರ ನೋಡ್ರಿ.'

ಸೆಂಟರ್ ಪಂಚಿನಲ್ಲಿ ಹೊಡೆದ ಚುಕ್ಕಿಗಳು.
ಕಣ್ಣಿಗಿಂತ ಮೊದಲು ಬೆರಳು ಓದಿತು:
ಒಂದು ಬಾಣ. ಒಂದು ಮೂರು.
ಕನ್ನಡದ ಮೂರೋ ಹಿಂದಿಯ ಮೂರೋ
ಚುಕ್ಕಿಯಲ್ಲಿ ತಿಳಿಯುವುದಿಲ್ಲ.
ನನ್ನ ಟೇಪೂ ಅದನ್ನೇ ಹೇಳಿತ್ತು:
ಮೂರು ನೂಲು.

ಯಾರೋ ನಮಗಿಂತ ಮುಂಚೆ
ಇದೇ ಕತ್ತಲಲ್ಲಿ ಅಂಗಾತ ಮಲಗಿ
ಅಳೆದು, ಬೈದುಕೊಂಡು, ಸರಿಪಡಿಸಿ,
ಬಣ್ಣ ಬಳಿಯುವ ಮುನ್ನ
ಮುಂದೆ ಬರುವವನಿಗೆ ಹೇಳಿ ಹೋಗಿದ್ದ.
ಮಾಲೀಕನಿಗೆ ಹೇಳಿರಲಿಕ್ಕಿಲ್ಲ.

'ಉಸ್ತಾದ್' ಎಂದ ದಸ್ತಗೀರ್, ಅಷ್ಟೇ.
ಹಾಳೆ ಮಡಚಿ ಹುಲಿಗೆಪ್ಪನ ಟೀ ಲೋಟಕ್ಕೆ ಮುಚ್ಚಳ ಮಾಡಿದ.

ಎಡದ ಬ್ರಾಕೆಟ್ಟು ಮೂರು ನೂಲು ಮುಂದಕ್ಕೆ.
ಕಂಪನಿಯ ತೂತಿಗೆ ಸೇರಲಿಲ್ಲ, ಹೊಸ ತೂತು ಕೊರೆದೆವು.
ನಾಲ್ಕು ಕಡೆ ಚುಕ್ಕಿ ಬೆಸುಗೆ, ಮತ್ತೆ ಗುಂಡು, ಮತ್ತೆ ಟೇಪು.
ಆಮೇಲೆ ಒಂದಿಂಚು ಇಲ್ಲಿ, ಒಂದಿಂಚು ಅಲ್ಲಿ,
ನಡುವೆ ಆರಲು ಬಿಟ್ಟು.
ಒಂದೇ ಉಸಿರಿಗೆ ಎಳೆದರೆ ಕಬ್ಬಿಣ ಮುನಿಸಿಕೊಳ್ಳುತ್ತದೆ.

ಅಷ್ಟರಲ್ಲಿ ಕರೆಂಟು ಹೋಯಿತು.
ಮಗ್ಗ ನಿಂತ ಮೌನದಲ್ಲಿ
ಬೆಸುಗೆ ಟಿಕ್ ಟಿಕ್ ಎಂದು ತಣಿಯುವುದು ಕೇಳಿಸಿತು.
'ನಿಮ್ ಜೀಪಿನ ಹಳೇ ಓನರ್ರು, ಸಾರ್,
ಇನ್ನೂ ಬಿಟ್ಟಿಲ್ಲ ನಮ್ಮನ್ನ.'

ಸಂಜೆ ಆರಕ್ಕೆ ಕಮಾನು ಪಟ್ಟಿ ಕೂತಿತು, ಷಾಕಲ್ ಕೂತಿತು.
ನಾನು ಸ್ಪ್ಯಾನರ್ ತಿರುಗಿಸಹೋದರೆ ಕೈ ಹಿಡಿದ:
'ಗಾಳೀಲಿ ಬಿಗಿಬೇಡಿ.
ಭಾರ ನೆಲಕ್ಕೆ ಬರ್ಲಿ, ಅದರ ಜಾಗ ಅದೇ ನೋಡ್ಕಳ್ಳಿ,
ಆಮೇಲೆ.'
ಡಿಪೋದಲ್ಲಿ ನಾನೇ ಹುಡುಗರಿಗೆ ಹೇಳುತ್ತಿದ್ದ ಮಾತು.

ಜಾಕ್ ಇಳಿಸಿದಾಗ ಜೀಪು
ಕುರ್ಚಿ ಸಿಕ್ಕ ಮುದುಕನಂತೆ ಒಮ್ಮೆ ನರಳಿ ಕೂತಿತು.
ಬಿಗಿದೆವು.

ಆಕ್ಸೈಡು ಬಳಿಯುವ ಮುನ್ನ ಪಂಚು ತೆಗೆದುಕೊಂಡೆ.
ಹೆಸರು ಹೊಡೆಯೋಣವೆಂದಿದ್ದೆ;
ಹಳೆಯ ಬಾಣದ ಕೆಳಗೆ
ಇನ್ನೊಂದು ಬಾಣ ಹೊಡೆದೆ, ಇನ್ನೊಂದು ಮೂರು.
ಹುಲಿಗೆಪ್ಪ ಬ್ರಷ್ಷು ಅದ್ದಿಕೊಂಡು ಕಾಯುತ್ತಿದ್ದ.

'ಐನೂರು ಕಿಲೋಮೀಟರ್ ಆದ್ಮೇಲೆ ಬನ್ನಿ,
ಎಲ್ಲಾ ಒಂದ್ಸಲ ಬಿಗಿಬೇಕು' ಅಂದ ದಸ್ತಗೀರ್,
ದುಡ್ಡು ಎಣಿಸದೆ ಜೇಬಿಗಿಟ್ಟು.
ಮಾಗಡಿ ರಸ್ತೆಯ ಮೊದಲ ಹಂಪಿಗೇ
ಬಲಗಡೆ ಎಲ್ಲೋ ಕಿರ್ ಎಂದಿತು.