ಮಲ್ಪೆ ಚೀಟಿ

ಮಲ್ಪೆಗೆ ಅಂತಲೇ ದುಡ್ಡು ಕೂಡಿಟ್ಟದ್ದು,
ಹದಿನಾರು ಜನ, ವಾರಕ್ಕೆ ಇಪ್ಪತ್ತು ರೂಪಾಯಿ.
ನಡುವೆ ಗಂಗಮ್ಮಳ ಆಪರೇಷನ್ ಬಂತು.
ಉಳಿದದ್ದು ಸಕಲೇಶಪುರದ ತನಕದ ಡೀಸೆಲ್ಲು.
"ಮಂಜರಾಬಾದಿನ ಕೋಟೆ ಮೇಲಿಂದ ಕಡಲು ಕಾಣುತ್ತಂತೆ,
ಬಾನು ತಿಳಿಯಾಗಿದ್ದರೆ" ಎಂದ ಟೆಂಪೋದ ದ್ಯಾವಯ್ಯ.
ಸರಿ, ನಾವೂ ಸಮುದ್ರಕ್ಕೇ ಹೊರಟಂತಾಯಿತು.
ಹಾಸನ ಬಿಟ್ಟಾಗ ಆರೂ ಕಾಲು,
ಪುಳಿಯೋಗರೆ ಡಬ್ಬ ನನ್ನ ತೊಡೆಯ ಮೇಲೆ ಬೆಚ್ಚಗೆ.

ಹೆದ್ದಾರಿ ಬದಿಯಿಂದಲೇ ಮೆಟ್ಟಿಲು.
ಎಣಿಸಿದವಳು ಸಾಕಮ್ಮ. ನೂರ ಎಂಬತ್ತರಲ್ಲಿ
ಉಸಿರು ಸಿಕ್ಕಿ, ಲೆಕ್ಕ ತಪ್ಪಿ,
"ಎಲ್ಲರದೂ ಸೇರಿ ನಾಲ್ಕು ಸಾವಿರ, ಬರ್ಕೊಳ್ಳಿ" ಎಂದಳು.

ಕೋಟೆ ನಕ್ಷತ್ರದ ಹಾಗಿದೆಯಂತೆ, ಎಂಟು ಮೂಲೆ.
ಅದು ಹಕ್ಕಿಗೆ ಕಾಣುವ ವಿಷಯ.
ನಮಗೆ ಕಂಡದ್ದು ತಿರುವು, ಮತ್ತೊಂದು ತಿರುವು,
ಗಾರೆ ಬಿಟ್ಟ ಗೋಡೆಗೆ ಯಾರೋ ಕೆತ್ತಿದ ಹೆಸರು,
ನೆಲದಡಿಯ ಕೋಣೆಯಲ್ಲಿ
ಹೊರಗಿನ ಬಿಸಿಲಿಗೆ ಸಂಬಂಧವೇ ಇಲ್ಲದ ತಂಪು,
ನಡುವಿನ ಕೊಳದ ಹಸಿರು ನೀರಲ್ಲಿ ತೇಲುವ
ಒಂದೇ ಒಂದು ಚಪ್ಪಲಿ.

ಪಡುವಣದ ಮೂಲೆಗೆ ಹೋಗಿ ಸಾಲಾಗಿ ನಿಂತೆವು
ರೇಷನ್ ಅಂಗಡಿ ಮುಂದೆ ನಿಲ್ಲುವ ಹಾಗೆ.
ಬೆಟ್ಟ, ಅದರಾಚೆ ಬೆಟ್ಟ, ಅದರಾಚೆ
ಒಗೆದು ಒಗೆದು ಬಣ್ಣ ಹೋದ ಸೀರೆಯಂಥ ಬೆಟ್ಟ,
ಕೊನೆಗೆ ಒಂದು ಬಿಳಿ ಗೆರೆ.
"ಅದೇನಾ?"
"ಮೋಡ ಕಣೇ."
"ಮೋಡ ಅಷ್ಟು ನೆಟ್ಟಗಿರುತ್ತಾ?"

ಎಲ್ಲರೂ ತಿರುಗಿದ್ದು ನಫೀಸಾಳ ಕಡೆಗೆ.
ನಮ್ಮಲ್ಲಿ ಅಲೆ ತುಳಿದವಳು ಅವಳೊಬ್ಬಳೇ,
ಗಂಗೊಳ್ಳಿಯ ಹುಡುಗಿ. ಪೆನ್ಷನ್ ಮೊಹಲ್ಲಾಕ್ಕೆ ಬಂದು
ಹೊಲಿಗೆ ಮಿಷನ್ನಿಗೆ ಕೂತು ಮೂವತ್ತೊಂದು ವರ್ಷ.
ತವರಿಗೆ ಹೋದದ್ದು ಎರಡು ಸಲ, ಎರಡೂ ಸಾವಿಗೆ.

ಅವಳು ನೋಡಲಿಲ್ಲ. ಮೊದಲು ಗಾಳಿ ಮೂಸಿದಳು.
ಆಮೇಲೆ ನಾಲಿಗೆಯ ತುದಿ ತುಟಿಗೆ ತಾಗಿಸಿದಳು,
ಸಾರಿಗೆ ಉಪ್ಪು ಹಿಡಿದಿದೆಯೋ ಎಂದು ನೋಡುವವಳಂತೆ.
ನಾವು ಕಾದೆವು. ಕೆಳಗೆ ಮಂಗಳೂರಿನ ಲಾರಿಗಳು
ಶಿರಾಡಿಗೆಂದು ಗೇರು ಬದಲಿಸುತ್ತಿದ್ದವು.

"ಹೂಂ, ಅದೇ" ಎಂದಳು.

ಸಾಕಮ್ಮ ಕೈ ಮುಗಿದಳು. ಗಂಗಮ್ಮ
ಹೊಟ್ಟೆಯ ಹೊಲಿಗೆ ಹಿಡಿದುಕೊಂಡೇ ನಕ್ಕಳು.
ಫೋಟೋ ತೆಗೆದೆವು, ಬಂದದ್ದು ಬರೀ ಬೆಳಕು.

ಇಳಿಯುವಾಗ ಕೊನೆಯಲ್ಲಿ ನಾವಿಬ್ಬರೇ.
"ನಿಜ ಹೇಳು" ಎಂದೆ.
"ಗಂಗೊಳ್ಳಿ ಇನ್ನೂ ಬಡಗಲಾಗತ್ತೆ" ಎಂದು
ಬೇರೆಯೇ ಕಡೆಗೆ, ಬರೀ ಗೋಡೆಯತ್ತ ಕೈ ತೋರಿಸಿ,
ಚಪ್ಪಲಿಗೆ ಸಿಕ್ಕ ಹರಳು ಕೊಡವಿಕೊಂಡು
ಮೆಟ್ಟಿಲು ಎಣಿಸತೊಡಗಿದಳು
ತನ್ನ ತವರಿನ ಮಾತಲ್ಲಿ, ಒಂದರಿಂದ.